ಚೀಟಿ ಕಳೆದ ಹರಳು

ಮುಲುಂಡಿನ ನಮ್ಮ ಕಟ್ಟಡದ ನಾಲ್ಕನೆಯ ಮಾಳಿಗೆಯಲ್ಲಿ ಚೀಫ್ ಇದ್ದರು. ಅದು ಅವರ ಹೆಸರಲ್ಲ. ಸರಕು ಹಡಗುಗಳಲ್ಲಿ ಚೀಫ್ ಇಂಜಿನಿಯರ್ ಆಗಿ ನಿವೃತ್ತರಾದವರು, ಉಡುಪಿ ಕಡೆಯವರು. ಸೊಸೈಟಿಯ ವಾಚ್‌ಮನ್‌ನಿಂದ ಹಿಡಿದು ನನ್ನವರೆಗೆ ಎಲ್ಲರಿಗೂ ಅವರು ಚೀಫ್. ಹಡಗು ಕೊಲಂಬೊದಲ್ಲಿ ನಿಂತಾಗಲೆಲ್ಲ ಬಿಡುವು ಮಾಡಿಕೊಂಡು ರತ್ನಪುರಕ್ಕೆ ಹೋಗಿ ಕಲ್ಲು ಕೊಳ್ಳುವುದು ಅವರ ಚಟವಾಗಿತ್ತು. ದುಬಾರಿ ಕಲ್ಲುಗಳಲ್ಲ. ಒಡವೆ ಅಂಗಡಿಯವರು ಹೆಸರೇ ಕೇಳಿರದಂಥ ಕಲ್ಲುಗಳು.

ಒಂದು ಮಳೆಗಾಲದ ಭಾನುವಾರ, "ಬನ್ನಿ ಮಾರಾಯ್ರೇ, ಮಾತಾಡುವ ಕಲ್ಲೊಂದು ಉಂಟು" ಎಂದು ಮೇಲಕ್ಕೆ ಕರೆದರು. ಬಾಲ್ಕನಿಯ ಕಪಾಟಿನಿಂದ ಬಿಸ್ಕತ್ತಿನ ಡಬ್ಬಿ ತೆಗೆದರು. ಅದರೊಳಗೆ ಮಾತ್ರೆಯ ಸೀಸೆ, ಸೀಸೆಯೊಳಗೆ ಹತ್ತಿ, ಹತ್ತಿಯೊಳಗೆ ತೊಗರಿ ಬೇಳೆಗಿಂತ ತುಸು ದೊಡ್ಡದಾದ ಹಸಿರು ಕಲ್ಲು. ಪಚ್ಚೆಯ ಹಸಿರಲ್ಲ, ನೆಲ್ಲಿಕಾಯಿಯ ಹಸಿರೂ ಅಲ್ಲ. ಹಳೆಯ ಸೋಡಾ ಬಾಟಲಿಯನ್ನು ಬೆಳಕಿಗೆ ಹಿಡಿದಾಗ ಕಾಣುವಂಥದು. ನಾನು ಏನನ್ನೂ ಹೇಳಲಿಲ್ಲ, ಹೇಳುವಂಥದ್ದೇನೂ ಅದರಲ್ಲಿ ಕಾಣಲಿಲ್ಲ. ಆಗ ಅವರು ಮೊಬೈಲಿನಷ್ಟು ದೊಡ್ಡ ಹಳದಿ ಗೈಗರ್ ಕೌಂಟರ್ ತೆಗೆದರು. ಮೇಜಿನ ಮೇಲೆ ಅದು ಆಗೊಮ್ಮೆ ಈಗೊಮ್ಮೆ ಟಿಕ್ ಎನ್ನುತ್ತಿತ್ತು. ಕಲ್ಲಿನ ಹತ್ತಿರ ತಂದರೆ, ಕಾದ ಎಣ್ಣೆಗೆ ಸಾಸಿವೆ ಹಾಕಿದಂತೆ ಚಟಪಟ ಸಿಡಿಯತೊಡಗಿತು.

ಅಲ್ಲಿಯವರೆಗೆ ಬಾಟಲಿ ಚೂರಿನಂತಿದ್ದುದು ಆ ಸದ್ದಿನೊಂದಿಗೆ ರತ್ನವಾಯಿತು. ಕಲ್ಲಿನಲ್ಲಿ ಏನೂ ಬದಲಾಗಿರಲಿಲ್ಲ. ನನಗೆ ಅದು ಬೇಕೆನಿಸಿತ್ತು. ಹೀಗೇಕಾಯಿತು ಎಂಬ ಪ್ರಶ್ನೆಯನ್ನು ಬಹಳ ಕಾಲ ಹೊತ್ತು ತಿರುಗಿದ್ದೇನೆ. ಆದದ್ದೆಲ್ಲ ಆದಮೇಲೆ ಈಗ ಬರೆಯುತ್ತಿದ್ದೇನೆ.

ಕಲ್ಲಿನ ಹೆಸರು ಎಕನೈಟ್. 1953ರಲ್ಲಿ ಎಫ್. ಎಲ್. ಡಿ. ಎಕನಾಯಕೆ ಎಂಬವರು ಶ್ರೀಲಂಕಾದ ರತ್ನಪುರ ಜಿಲ್ಲೆಯ ಎಹೆಲಿಯಗೊಡ ಕಡೆಯ ರತ್ನದ ಗಣಿಯಲ್ಲಿ ಇದನ್ನು ಮೊದಲು ಗುರುತಿಸಿದರು. ಅಲ್ಲಿ ಹೊಲಗದ್ದೆಗಳ ಕೆಳಗೆ 'ಇಲ್ಲಮ' ಎಂದು ಕರೆಯುವ ಜಲ್ಲಿಯ ಪದರ ಇರುತ್ತದೆ. ಗುಂಡಿ ತೋಡಿ, ಜಲ್ಲಿಯನ್ನು ಬುಟ್ಟಿಯಲ್ಲಿ ತೊಳೆದು, ನೀಲ, ಪುಷ್ಯರಾಗ, ವೈಡೂರ್ಯಗಳನ್ನು ಹೆಕ್ಕುತ್ತಾರೆ. ಆ ಗುಂಪಿನಲ್ಲಿ ಯಾವುದಕ್ಕೂ ಹೊಂದದ ಹಸಿರು ಕಲ್ಲೊಂದು ಎಕನಾಯಕೆಯವರ ಕಣ್ಣಿಗೆ ಬಿತ್ತು. 1961ರಲ್ಲಿ ಲಂಡನ್ನಿನ ರತ್ನತಜ್ಞ ಬಿ. ಡಬ್ಲ್ಯೂ. ಆಂಡರ್ಸನ್ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ಇದು ಹೊಸ ಖನಿಜ ಎಂದು ವರದಿ ಮಾಡಿ, ಕಂಡುಹಿಡಿದವರ ಹೆಸರನ್ನೇ ಇಟ್ಟರು. ಕ್ಯಾಲ್ಸಿಯಂ, ಸಿಲಿಕಾ, ಜೊತೆಗೆ ಥೋರಿಯಂ. ರಾಸಾಯನಿಕ ಸೂತ್ರದ ಲೆಕ್ಕ ಹಿಡಿದರೆ ತೂಕದ ಕಾಲು ಭಾಗಕ್ಕೂ ತುಸು ಹೆಚ್ಚು ಥೋರಿಯಮ್ಮೇ. ಒಂದು ಕ್ಯಾರೆಟ್ ಎಂದರೆ ಗ್ರಾಮಿನ ಐದನೆಯ ಒಂದು ಭಾಗ. ಅಷ್ಟು ಎಕನೈಟಿನಲ್ಲಿ ಪ್ರತಿ ಸೆಕೆಂಡಿಗೆ ಇನ್ನೂರಕ್ಕೂ ಹೆಚ್ಚು ಥೋರಿಯಂ ಪರಮಾಣುಗಳು ಒಡೆಯುತ್ತವೆ. ಒಡೆದದ್ದು ಸುಮ್ಮನಿರುವುದಿಲ್ಲ. ಒಂದರಿಂದ ಇನ್ನೊಂದಾಗುತ್ತ, ನಡುವೆ ಒಂದು ಹಂತದಲ್ಲಿ ಅನಿಲವೂ ಆಗಿ, ಕೊನೆಗೆ ಸೀಸವಾಗಿ ನಿಲ್ಲುತ್ತದೆ. ಥೋರಿಯಂ ಅರ್ಧಕ್ಕೆ ಇಳಿಯಲು ಬೇಕಾದ ಕಾಲ ಸುಮಾರು 1,400 ಕೋಟಿ ವರ್ಷ. ವಿಶ್ವದ ವಯಸ್ಸೇ ಸುಮಾರು 1,380 ಕೋಟಿ ಎನ್ನುತ್ತಾರೆ. ಎಂದರೆ ಈ ಕಲ್ಲಿನ ಮಾತು ಸದ್ಯಕ್ಕೆ ಮುಗಿಯುವುದಿಲ್ಲ.

ಕನ್ನಡದಲ್ಲಿ ಒಂದು ಸೊಗಸಿದೆ. ಉಂಗುರದ ಕಲ್ಲಿಗೂ ಹರಳು ಎನ್ನುತ್ತೇವೆ, ಸಕ್ಕರೆ, ಉಪ್ಪುಗಳು ಕಟ್ಟುವ ಸ್ಫಟಿಕಕ್ಕೂ ಹರಳು ಎನ್ನುತ್ತೇವೆ. ಎಕನೈಟ್ ಮೊದಲ ಅರ್ಥದಲ್ಲಿ ಹರಳು, ಎರಡನೆಯ ಅರ್ಥದಲ್ಲಿ ಈಗ ಅಲ್ಲ. ಕೋಟ್ಯಂತರ ವರ್ಷಗಳ ಹಿಂದೆ ಅದು ಹುಟ್ಟಿದಾಗ ಒಳಗಿನ ಪರಮಾಣುಗಳು ಸಾಲಾಗಿ, ಕ್ರಮವಾಗಿ ಕೂತಿದ್ದವು. ಆದರೆ ಒಂದೊಂದು ಥೋರಿಯಂ ಪರಮಾಣು ಆಲ್ಫಾ ಕಣವನ್ನು ಉಗುಳಿದಾಗಲೂ, ಗುಂಡು ಹಾರಿಸಿದ ಬಂದೂಕಿನಂತೆ ತಾನು ಹಿಂದಕ್ಕೆ ಜಗ್ಗಿ ಅಕ್ಕಪಕ್ಕದ ನೂರಾರು ಪರಮಾಣುಗಳನ್ನು ಜಾಗ ತಪ್ಪಿಸುತ್ತದೆ. ಹೀಗೆ ತಪ್ಪಿಸಿ ತಪ್ಪಿಸಿ ಕೊನೆಗೆ ಸಾಲೇ ಉಳಿದಿಲ್ಲ. ಒಳಗೆಲ್ಲ ಗಾಜಿನ ಗೊಂದಲ. ಹೊರಗಿನ ರೂಪ, ಬಣ್ಣ, ಹೊಳಪು ಮಾತ್ರ ಹಾಗೇ. ಇಂಥ ಖನಿಜಗಳಿಗೆ ನಾರ್ವೆಯ ಭೂವಿಜ್ಞಾನಿ ಬ್ರಗರ್ 1893ರಲ್ಲಿ 'ಮೆಟಮಿಕ್ಟ್' ಎಂದು ಹೆಸರಿಟ್ಟರು. ಆಗಿನ್ನೂ ವಿಕಿರಣ ಎಂಬುದೇ ಯಾರಿಗೂ ತಿಳಿದಿರಲಿಲ್ಲ. ಬೆಕೆರೆಲ್ ಅದನ್ನು ಕಂಡದ್ದು 1896ರಲ್ಲಿ. ಕಾಯಿಲೆಗೆ ಹೆಸರು ಮೊದಲು ಬಂತು, ಕಾರಣ ಆಮೇಲೆ ಬಂತು.

ಚೀಫ್ ಇದನ್ನೆಲ್ಲ ಹೇಳುವಾಗ ಅವರ ಮುಖ ನೋಡಬೇಕಿತ್ತು. "ತನ್ನನ್ನು ತಾನೇ ತಿಂದುಕೊಂಡ ಕಲ್ಲು ಮಾರಾಯ್ರೇ, ಆದ್ರೂ ಹೇಗೆ ನಿಂತಿದೆ ನೋಡಿ."

ಅಪಾಯ ಎಂಬುದಕ್ಕೇ ಒಂದು ಸೆಳೆತವಿದೆ ಎಂದು ಸುಲಭವಾಗಿ ಹೇಳಿಬಿಡಬಹುದು. ರತ್ನಗಳ ವಿಷಯದಲ್ಲಂತೂ ನಮಗೆ ಅದು ಹಳೆಯ ಮಾತು. ನೀಲವನ್ನು ಧರಿಸುವ ಮೊದಲು ದಿಂಬಿನ ಕೆಳಗಿಟ್ಟು ಮಲಗಿ, ಕೆಟ್ಟ ಕನಸು ಬಿತ್ತೇ, ಮನೆಯಲ್ಲಿ ಏನಾದರೂ ಒಡೆಯಿತೇ ಎಂದು ನೋಡಿ, ಆಗಿಬಂದರೆ ಮಾತ್ರ ಉಂಗುರ ಮಾಡಿಸುವವರು ಇಂದಿಗೂ ಇದ್ದಾರೆ. ಚೌತಿಯ ದಿನ ಚಂದ್ರನನ್ನು ನೋಡಿದ ತಪ್ಪಿಗೆ ಕೇಳುವ ಶ್ಯಮಂತಕದ ಕಥೆಯಲ್ಲಿ, ದಿನಕ್ಕಿಷ್ಟು ಬಂಗಾರ ಕೊಡುವ ಮಣಿಯೇ ಅದನ್ನು ಧರಿಸಿ ಬೇಟೆಗೆ ಹೋದ ಪ್ರಸೇನನ ಸಾವಿಗೂ, ಕೃಷ್ಣನ ಮೇಲಿನ ಅಪವಾದಕ್ಕೂ ಕಾರಣ. ರತ್ನ ಕೇಡು ಮಾಡಬಲ್ಲದು ಎಂಬ ಭಯ ಅದರ ಬೆಲೆಯನ್ನು ಎಂದೂ ಇಳಿಸಿಲ್ಲ.

ಆದರೆ ನನ್ನನ್ನು ಹಿಡಿದದ್ದು ಅಪಾಯವಲ್ಲ ಎಂದು ಈಗ ಅನಿಸುತ್ತದೆ. ಮಾಲ್‌ಗಳಲ್ಲಿ ಮಾರುವ ಕಡುನೀಲಿ ಟೋಪಾಜ್ ಬಹುಪಾಲು ಬಣ್ಣವಿಲ್ಲದ ಕಲ್ಲಿಗೆ ವಿಕಿರಣ ಹಾಯಿಸಿ ತರಿಸಿದ ಬಣ್ಣ. ಕೆಲವನ್ನು ಪರಮಾಣು ರಿಯಾಕ್ಟರಿನಲ್ಲೇ ಇಡುತ್ತಾರೆ, ವಿಕಿರಣ ಇಳಿಯುವವರೆಗೆ ಕಾಯ್ದಿಟ್ಟು ಆಮೇಲೆ ಮಾರುತ್ತಾರೆ. ಅದನ್ನು ಧರಿಸುವುದರಲ್ಲಿ ಭಯವೂ ಇಲ್ಲ, ಧರಿಸಿದವರಿಗೆ ಸಾಮಾನ್ಯವಾಗಿ ಸಂಗತಿಯೂ ಗೊತ್ತಿಲ್ಲ. ರಿಯಾಕ್ಟರಿನಿಂದ ಬಂದದ್ದೆಂದು ಯಾರೂ ಅದನ್ನು ಹುಡುಕಿಕೊಂಡು ಹೋಗುವುದಿಲ್ಲ. ಎಕನೈಟನ್ನು ಹುಡುಕಿಕೊಂಡು ಹೋಗುವವನಿಗೆ ಬೇಕಾದದ್ದು 'ಇದು ಏನೆಂದು ನನಗೆ ಗೊತ್ತು' ಎಂಬ ಸುಖ. ಹತ್ತು ಜನ ಸೋಡಾ ಬಾಟಲಿ ಎಂದುಕೊಳ್ಳುವಲ್ಲಿ ಹನ್ನೊಂದನೆಯವನಾಗಿ ನಿಲ್ಲುವ ಸುಖ. ಮೃದುವಾದ ಕಲ್ಲು, ಬೇಗ ಗೀರು ಬೀಳುತ್ತದೆ, ಬಣ್ಣವೂ ಹೇಳಿಕೊಳ್ಳುವಂಥದಲ್ಲ. ಅಪರೂಪಕ್ಕೆ ಒಂದೊಂದರಲ್ಲಿ ನಾಲ್ಕು ಕಾಲಿನ ನಕ್ಷತ್ರ ಕಾಣುತ್ತದೆ, ಅಷ್ಟೆ. ಸಂಗ್ರಾಹಕ ಕೊಳ್ಳುವುದು ಕಲ್ಲಿನ ಜೊತೆ ಬರುವ ತಿಳಿವಳಿಕೆಯನ್ನು. ಆ ತಿಳಿವಳಿಕೆ ಬಿದ್ದುಹೋದರೆ ಉಳಿಯುವುದೇನು? ಅಂದವಲ್ಲ, ಬೆಲೆಯಲ್ಲ. ವಿಕಿರಣ ಮಾತ್ರ ಉಳಿಯುತ್ತದೆ.

ಮನೆಯಲ್ಲಿ ಇದನ್ನು ಇಟ್ಟುಕೊಳ್ಳುವುದು ಸರಿಯೇ ಎಂದು ಒಮ್ಮೆ ಚೀಫ್ ಅವರನ್ನು ಕೇಳಿಯೂಬಿಟ್ಟೆ. ಅವರು ನಕ್ಕರು. "ಇಂಜಿನ್ ರೂಮಿನಲ್ಲಿ ಮೂವತ್ತು ವರ್ಷ ಅಸ್ಬೆಸ್ಟಾಸ್ ಸುತ್ತಿದ ಪೈಪುಗಳ ಮಧ್ಯೆ ಉಸಿರಾಡಿದ್ದೇನೆ. ಅದಕ್ಕೆ ಯಾರೂ ಬೋರ್ಡು ಹಾಕಿರಲಿಲ್ಲ. ನನ್ನನ್ನು ಕೇಳಿಯೂ ಇರಲಿಲ್ಲ. ಇದು ಪಾಪ, ನಾನು ಹೀಗೆ ಅಂತ ತಾನೇ ಹೇಳ್ತದೆ. ನಾನೇ ಆರಿಸಿಕೊಂಡದ್ದು." ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಆರಿಸಿಕೊಂಡ ಅಪಾಯಕ್ಕೂ ಹೇರಿದ ಅಪಾಯಕ್ಕೂ ಇರುವ ಅಂತರ ನೈತಿಕತೆಯಲ್ಲಿ ಸಣ್ಣದಲ್ಲ. ಅಲ್ಲದೆ ಲೆಕ್ಕಕ್ಕೆ ಬಂದರೆ ಅವರ ಮಾತು ಸುಳ್ಳೂ ಅಲ್ಲ. ಎರಡು ಕ್ಯಾರೆಟ್ಟಿನ ಎಕನೈಟ್ ಬಾಲ್ಕನಿಯ ಡಬ್ಬಿಯಲ್ಲಿ ಕೂತು ಯಾರನ್ನೂ ಕೊಲ್ಲುವುದಿಲ್ಲ. ಆಲ್ಫಾ ಕಣ ಕಾಗದವನ್ನೂ ದಾಟಲಾರದು. ವರ್ಷಗಟ್ಟಲೆ ಮೈಗೆ ತಾಗಿಸಿ ಧರಿಸುವುದು, ಉಜ್ಜಿ ಧೂಳೆಬ್ಬಿಸಿ ಆ ಧೂಳನ್ನು ಉಸಿರಿನೊಂದಿಗೆ ಒಳಗೆ ಎಳೆದುಕೊಳ್ಳುವುದು, ಇವು ಬೇರೆ.

ಮನೆಗೆ ಬಂದಮೇಲೆ ಹೊಳೆಯಿತು. ಆ ಕಲ್ಲಿಗೆ ಮುಖಗಳಿದ್ದವು. ಎಂದರೆ ಯಾರೋ ಅದನ್ನು ಸಾಣೆ ಹಿಡಿದಿದ್ದರು. ರತ್ನಪುರದ ಯಾವುದೋ ಜಗಲಿಯಲ್ಲಿ ತಿರುಗುವ ಸಾಣೆಯ ಮುಂದೆ ಬಗ್ಗಿ ಕೂತು ಆ ಹಸಿರು ಹುಡಿಯನ್ನು ಉಸಿರಾಡಿದವನಿಗೆ ಅದು ಏನೆಂದು ಯಾರಾದರೂ ಹೇಳಿದ್ದರೇ? ಚೀಫ್ ಆರಿಸಿಕೊಂಡರು, ಸರಿ. ಅವನು? ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಊರಿನಲ್ಲಿ 1917ರಿಂದ ಗಡಿಯಾರದ ಅಂಕಿಗಳಿಗೆ ರೇಡಿಯಂ ಬಣ್ಣ ಬಳಿಯುತ್ತಿದ್ದ ಹುಡುಗಿಯರು ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳುತ್ತಿದ್ದರು. ಏನೂ ಆಗುವುದಿಲ್ಲ ಎಂದು ಅವರಿಗೆ ಹೇಳಲಾಗಿತ್ತು. ಕತ್ತಲಲ್ಲಿ ಹೊಳೆಯಲೆಂದು ಕೆಲವರು ಉಗುರಿಗೂ ಹಲ್ಲಿಗೂ ಹಚ್ಚಿಕೊಂಡು ಮನೆಗೆ ಹೋಗುತ್ತಿದ್ದರು. ಅದೇ ಕಾರ್ಖಾನೆಯ ರಸಾಯನಶಾಸ್ತ್ರಜ್ಞರು ಸೀಸದ ತಡೆ, ಚಿಮಟಗಳ ಹಿಂದೆ ನಿಂತು ಕೆಲಸ ಮಾಡುತ್ತಿದ್ದರು. ಹುಡುಗಿಯರ ದವಡೆಗಳು ಕೊಳೆತವು. 1928ರಲ್ಲಿ ನ್ಯಾಯಾಲಯದ ಹೊರಗೆ ಪರಿಹಾರದ ಒಪ್ಪಂದ ಆಗುವ ಹೊತ್ತಿಗೆ ಹಲವರು ಸತ್ತಿದ್ದರು. ಅಲ್ಲಿ ರೇಡಿಯಂ ಒಂದೇ, ಅದರ ಬಗೆಗಿನ ತಿಳಿವಳಿಕೆ ಮಾತ್ರ ಗೋಡೆಯ ಒಂದು ಬದಿಗೆ ನಿಂತಿತ್ತು.

ಈ ಮಾತನ್ನು ಚೀಫ್ ಅವರಿಗೆ ಹೇಳಬೇಕೆಂದುಕೊಂಡೇ ಇದ್ದೆ. ಅಷ್ಟರಲ್ಲಿ ಅವರು ತೀರಿಕೊಂಡರು. ಹೃದಯಾಘಾತ. ಕಲ್ಲಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ಉತ್ತರಕ್ರಿಯೆ ಮುಗಿದು ವಾರ ಕಳೆದಿರಬಹುದು. ಠಾಣೆಯಲ್ಲಿರುವ ಅವರ ಮಗಳು ಫೋನ್ ಮಾಡಿದಳು. "ಅಂಕಲ್, ಝವೇರಿ ಬಜಾರಿನಲ್ಲಿ ನಿಮ್ಮ ಪರಿಚಯದವರೊಬ್ಬರು ಇದ್ದಾರಲ್ಲ, ಅವರ ನಂಬರ್ ಕೊಡಿ. ಪಪ್ಪನ ಕಲ್ಲುಗಳನ್ನು ಅಮ್ಮ ಹಂಚಿದರು. ನನ್ನ ಮಗಳು ಹಸಿರುದೊಂದನ್ನು ಆರಿಸಿಕೊಂಡಿದ್ದಾಳೆ. ಅಜ್ಜನ ನೆನಪಿಗೆ ಚೈನಿಗೆ ಪೆಂಡೆಂಟ್ ಮಾಡಿಸುವ ಅಂತ." ಯಾವ ಹಸಿರು ಎಂದು ಕೇಳಿದೆ. ಹೆಸರು ಗೊತ್ತಿಲ್ಲವೆಂದಳು. "ಬಿಳಿ ಪೊಟ್ಟಣದಲ್ಲಿತ್ತು. ಮೇಲೆ ಇ.ಕೆ. 2.14 ಅಂತ ಬರೆದಿದ್ದಾರೆ. ನಂಬರ್ ಇರಬೇಕು."

ಕೊನೆಯ ತಿಂಗಳುಗಳಲ್ಲಿ ಚೀಫ್ ತಮ್ಮ ಸಂಗ್ರಹವನ್ನು ಹೊಸ ಪೊಟ್ಟಣಗಳಿಗೆ ಹಾಕಿ ಒಪ್ಪ ಮಾಡಿದ್ದರಂತೆ. ಸೀಸೆ, ಹತ್ತಿ, ಬಿಸ್ಕತ್ತಿನ ಡಬ್ಬಿ ಎಲ್ಲ ಹೋಗಿದ್ದವು. ಇ.ಕೆ. ಎಂದರೆ ಎಕನೈಟ್, 2.14 ಅದರ ಕ್ಯಾರೆಟ್ಟು. ಚೀಟಿ ಇತ್ತು. ಆದರೆ ಅವರು ಅದನ್ನು ಬರೆದುಕೊಂಡದ್ದು ತಮಗಾಗಿ. ಓದಬಲ್ಲವರು ಲೋಕದಲ್ಲಿ ಇಬ್ಬರಿದ್ದೆವು. ಈಗ ಒಬ್ಬ.

ನಾಚಿಕೆಯ ಸಂಗತಿ ಇದು: ನಾನು ತಕ್ಷಣ ಹೇಳಲಿಲ್ಲ. "ನಂಬರ್ ಹುಡುಕಿ ಕಳಿಸುತ್ತೇನೆ" ಎಂದು ಫೋನ್ ಇಟ್ಟೆ. ಎರಡು ದಿನ ಸುಮ್ಮನಿದ್ದೆ. ಆ ಎರಡು ದಿನ ನಾನು ನನಗೇ ಕೊಟ್ಟುಕೊಂಡ ಕಾರಣಗಳು ಒಂದೊಂದೂ ಸಭ್ಯವಾಗಿದ್ದವು. ಅದು ಅದೇ ಕಲ್ಲು ಎಂದು ಹೇಗೆ ಹೇಳಲಿ, ಕಣ್ಣಾರೆ ನೋಡಿಲ್ಲವಲ್ಲ. ಚೀಫ್ ಮನೆಯವರಿಗೆ ಹೇಳಿಲ್ಲವೆಂದರೆ ಅದು ಅವರ ಇಷ್ಟ, ನಡುವೆ ನಾನ್ಯಾರು. ದುಃಖದಲ್ಲಿರುವವರ ಕೈಯಿಂದ ನೆನಪಿನ ವಸ್ತುವನ್ನು ಕಿತ್ತುಕೊಳ್ಳುವುದು ಎಂಥ ಮಾತು. ಒಂದು ಪೆಂಡೆಂಟಿನಿಂದ ಎಷ್ಟು ಮಹಾ ಕೇಡಾದೀತು, ನಾನೇ ಲೆಕ್ಕ ಹಾಕಿರಲಿಲ್ಲವೇ. ಇವೆಲ್ಲದರ ಅಡಿಯಲ್ಲಿ ಇನ್ನೊಂದಿತ್ತು. ಅದನ್ನು ನಾನು ಹೆಸರಿಸಿರಲಿಲ್ಲ. ಬಾಯಿಬಿಟ್ಟರೆ ಇಷ್ಟು ದಿನ ನನಗೆ ಗೊತ್ತಿತ್ತು ಎಂಬುದೂ ಹೊರಬೀಳುತ್ತದೆ.

ಎರಡನೆಯ ರಾತ್ರಿ ನಿದ್ದೆ ಬರದೆ ಕೂತಾಗ ಎಂದೋ ಓದಿದ್ದ ಗೊಯಾನಿಯಾ ನೆನಪಾಯಿತು. ಬ್ರೆಜಿಲ್ಲಿನ ಆ ಊರಿನಲ್ಲಿ 1987ರ ಸೆಪ್ಟೆಂಬರಿನಲ್ಲಿ, ಖಾಲಿ ಮಾಡಿದ್ದ ಆಸ್ಪತ್ರೆಯೊಂದರಲ್ಲಿ ಉಳಿದುಹೋಗಿದ್ದ ಕ್ಯಾನ್ಸರ್ ಚಿಕಿತ್ಸೆಯ ಯಂತ್ರದ ಭಾಗವನ್ನು ಇಬ್ಬರು ಬಿಚ್ಚಿ ಗುಜರಿಗೆ ಮಾರಿದರು. ಒಳಗಿದ್ದ ಸೀಸಿಯಂ ರಾತ್ರಿ ನೀಲಿಯಾಗಿ ಹೊಳೆಯಿತು. ಗುಜರಿಯವನು ಅದನ್ನು ಅಮೂಲ್ಯವೆಂದು ಮನೆಯೊಳಗೆ ತಂದ, ನೆಂಟರಿಷ್ಟರಿಗೆ ಚೂರುಚೂರು ಹಂಚಿದ. ಅದರಿಂದ ಹೆಂಡತಿಗೊಂದು ಉಂಗುರ ಮಾಡಿಸಬೇಕೆಂದುಕೊಂಡಿದ್ದನಂತೆ. ಹೆಂಡತಿ ಸತ್ತಳು, ಸಹೋದರನ ಆರು ವರ್ಷದ ಮಗಳು ಸತ್ತಳು, ಒಟ್ಟು ನಾಲ್ಕು ಜನ. ನಮ್ಮಲ್ಲೇ, 2010ರ ಏಪ್ರಿಲಿನಲ್ಲಿ, ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯಲ್ಲಿ ಕೋಬಾಲ್ಟ್ ಹೊರಬಂದು ಒಬ್ಬ ಕೂಲಿಯವನು ಸತ್ತ. ಅದು ವಿಶ್ವವಿದ್ಯಾಲಯವೊಂದರ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಬಳಸದೆ ಬಿದ್ದಿದ್ದ ಯಂತ್ರದಿಂದ ಬಂದದ್ದು. ಹಳೆಯ ಸಾಮಾನಿನ ಹರಾಜಿನಲ್ಲಿ ಅದೂ ಹೋಗಿತ್ತು. ಎಕನೈಟಿನ ಶಕ್ತಿಯನ್ನು ಇವುಗಳ ಪಕ್ಕದಲ್ಲಿಡುವುದೇ ಹಾಸ್ಯಾಸ್ಪದ, ಆನೆಯ ಪಕ್ಕದಲ್ಲಿ ಇರುವೆ. ಆದರೆ ನಡೆದ ಬಗೆ ಒಂದೇ. ಎಲ್ಲೂ ಯಾರೂ ಕೊಲ್ಲಲು ಹೊರಟಿರಲಿಲ್ಲ. ಗೊತ್ತಿದ್ದವರು ಎದ್ದು ಹೋದರು, ವಸ್ತು ಉಳಿಯಿತು. ನಾನಾದರೋ ಎದ್ದು ಹೋಗಿರಲಿಲ್ಲ. ಎರಡು ಮಾಳಿಗೆ ಕೆಳಗೇ ಇದ್ದೆ.

ಬೆಳಿಗ್ಗೆ ಠಾಣೆಗೆ ಹೋಗಿ ಹೇಳಿದೆ. ಸಾಕ್ಷಿಗೆಂದು ಅವರಮ್ಮನಿಂದ ಗೈಗರ್ ಕೌಂಟರನ್ನೂ ಕೇಳಿ ಒಯ್ದಿದ್ದೆ. ಸಾಸಿವೆ ಸಿಡಿಯುವುದನ್ನು ಅವಳು ಪೂರ್ತಿ ಕೇಳಿಸಿಕೊಂಡಳು. ಹೆದರುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ: "ಪಪ್ಪ ಇದನ್ನು ನಿಮಗೆ ಹೇಳಿದ್ರಾ? ನಮಗೆ ಹೇಳಲಿಲ್ಲ." ಸ್ವಲ್ಪ ಹೊತ್ತಿನ ಮೇಲೆ, "ಮಗು ಚಿಕ್ಕವಳಿದ್ದಾಗ ರಜೆಯಲ್ಲೆಲ್ಲ ಆ ಬಾಲ್ಕನಿಯಲ್ಲೇ ಆಡ್ತಿದ್ದಳು" ಎಂದಳು. ಡಬ್ಬಿಯೊಳಗಿಂದ, ಅಷ್ಟು ದೂರಕ್ಕೆ, ಏನೂ ಆಗಿರುವುದಿಲ್ಲ ಎಂದು ವಿವರಿಸಿದೆ. ಅದು ನಿಜವೂ ಹೌದು. ಅವಳು ತಲೆಯಾಡಿಸಿದಳು. ಆದರೆ ಅವಳ ಪ್ರಶ್ನೆ ಡೋಸಿನದಾಗಿರಲಿಲ್ಲ. ಅಪ್ಪ ತನ್ನ ಸುಖದ ಒಂದು ಮೂಲೆಯನ್ನು ಮನೆಯವರಿಂದ ಮುಚ್ಚಿಟ್ಟಿದ್ದ, ಅದರಲ್ಲಿ ಅವರ ಪಾಲಿನ ಅಪಾಯವೂ ಇತ್ತು, ಎಷ್ಟೇ ಸಣ್ಣದಿರಲಿ. ಆರಿಸಿಕೊಂಡದ್ದು ಅವರೊಬ್ಬರೇ. ಚೀಫ್ ಅವರ ಅಸ್ಬೆಸ್ಟಾಸ್ ಮಾತಿಗೆ ಉತ್ತರ ಅಂದು ನನಗೆ ಸಿಕ್ಕಿತು, ಆದರೆ ಅದನ್ನು ಕೇಳಲು ಅವರಿರಲಿಲ್ಲ. ಮಗಳ ಮನಸ್ಸಿನಲ್ಲಿ ಅಪ್ಪನ ಚಿತ್ರದ ಮೇಲೆ ನಾನೇ ಒಂದು ಗೀರು ಎಳೆದು ಬಂದೆ ಎಂಬುದೂ ನಿಜ. ಹೇಳಿದ್ದು ತಪ್ಪಾಯಿತೆಂದು ಅನಿಸಿಲ್ಲ. ಹಗುರವಾಯಿತೆಂದೂ ಅನಿಸಿಲ್ಲ.

"ಇದನ್ನು ನೀವೇ ತಗೊಂಡು ಹೋಗಿ" ಎಂದಳು.

ಹೀಗೆ ನನಗೆ ಬೇಕೆನಿಸಿದ್ದ ಕಲ್ಲು ನನ್ನ ಮನೆಗೆ ಬಂತು. ಮಾರಲಾರೆ: ಕೊಳ್ಳುವವನಿಗೆ ಹೇಳಿ ಮಾರಬಹುದು, ಅವನು ಇನ್ನೊಬ್ಬನಿಗೆ ಹೇಳುತ್ತಾನೆಂದು ಏನು ನಂಬಿಕೆ. ಕಸಕ್ಕೆ ಹಾಕಿದರೆ ಅದನ್ನು ಹೆಕ್ಕುವವರ ಕೈಗೆ ಹೋಗುತ್ತದೆ. ಭೌತಶಾಸ್ತ್ರ ಓದಿದ ಗೆಳೆಯರೊಬ್ಬರ ಸಲಹೆಯಂತೆ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಮಲಗುವ ಕೋಣೆಯಿಂದ ದೂರ, ಗಾಳಿಯಾಡುವ ಕಡೆಯ ಮೇಲಿನ ಕಪಾಟಿನಲ್ಲಿ ಇಟ್ಟಿದ್ದೇನೆ. ಮುಟ್ಟಿದರೆ ಕೈ ತೊಳೆಯುತ್ತೇನೆ.

ಚೀಟಿ ಬರೆಯುವುದೇ ಕಷ್ಟವಾಯಿತು. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಪರಮಾಣು ತ್ಯಾಜ್ಯವನ್ನು ನೆಲದಾಳದ ಉಪ್ಪಿನ ಪದರದಲ್ಲಿ ಹುಗಿಯುವ ಜಾಗವೊಂದಿದೆ. ಹತ್ತು ಸಾವಿರ ವರ್ಷಗಳ ನಂತರ ಅಲ್ಲಿಗೆ ಬರುವವರಿಗೆ 'ಅಗೆಯಬೇಡಿ' ಎಂದು ಹೇಗೆ ತಿಳಿಸುವುದು ಎಂದು ಯೋಚಿಸಲು 1990ರ ದಶಕದ ಆರಂಭದಲ್ಲಿ ಭಾಷಾಶಾಸ್ತ್ರಜ್ಞರು, ಮಾನವಶಾಸ್ತ್ರಜ್ಞರು, ಕಲಾವಿದರನ್ನೆಲ್ಲ ಕೂರಿಸಿದ್ದರು. ಇಂದಿನ ಯಾವ ಭಾಷೆಯೂ ಆಗ ಇರುತ್ತದೆಂಬ ಭರವಸೆಯಿಲ್ಲ. ಮುಳ್ಳಿನಂಥ ದೊಡ್ಡ ಕಂಬಗಳನ್ನು ನೆಡುವುದು, ಹೆದರಿದ ಮುಖಗಳನ್ನು ಕೆತ್ತುವುದು, ಹೀಗೆಲ್ಲ ಯೋಚಿಸಿದರು. ಓದಿದಾಗ ಅದು ನನಗೆ ದೂರದ ತಮಾಷೆಯಂತೆ ಕಂಡಿತ್ತು.

ಚೀಟಿಯನ್ನು ಕನ್ನಡದಲ್ಲಿ ಬರೆದೆ. ಕೈ ತಾನಾಗಿ ಹಾಗೇ ಬರೆಯಿತು. 'ಎಕನೈಟ್. ವಿಕಿರಣಶೀಲ ಕಲ್ಲು. ಧರಿಸಬಾರದು. ಉಜ್ಜಬಾರದು. ಯಾರಿಗೂ ಹೇಳದೆ ಕೊಡಬಾರದು.' ಅಂಟಿಸುತ್ತಿದ್ದಾಗ ಒಂಬತ್ತನೆಯ ತರಗತಿಯ ಮಗ ಬಂದು ನಿಂತ. ಇಲ್ಲೇ ಹುಟ್ಟಿದವನು. ಮನೆಯಲ್ಲಿ ಕನ್ನಡ ಮಾತಾಡುತ್ತಾನೆ, ಅಕ್ಷರ ಕಲಿಸುವುದನ್ನು ಪ್ರತಿ ಬೇಸಿಗೆಯಲ್ಲೂ ಮುಂದಿನ ಬೇಸಿಗೆಗೆ ದೂಡಿದ್ದೇನೆ.

"ಅಪ್ಪಾ, ಇದರಲ್ಲಿ ಏನು ಬರೆದಿದ್ದೀ?"

ಓದಿ ಹೇಳಿದೆ. ಆಮೇಲೆ ಆ ಚೀಟಿಯ ಕೆಳಗೆ ಇಂಗ್ಲಿಷಿನಲ್ಲೂ ಮರಾಠಿಯಲ್ಲೂ ಬರೆಯಲು ಅವನ ಕೈಗೇ ಪೆನ್ನು ಕೊಟ್ಟೆ. ಮರಾಠಿಯಲ್ಲಿ ವಿಕಿರಣಶೀಲ ಎಂಬುದಕ್ಕೆ 'ಕಿರಣೋತ್ಸರ್ಗಿ' ಎಂದು ಅವನೇ ಹೇಳಿದ, ಶಾಲೆಯ ಪುಸ್ತಕದಲ್ಲಿದೆಯಂತೆ. ಬರೆದು ಮುಗಿಸಿ, ಇಷ್ಟೆಲ್ಲ ಮಾಡಬಾರದ ಕಲ್ಲನ್ನು ಮತ್ತೆ ಯಾಕೆ ಇಟ್ಟುಕೊಂಡಿದ್ದೀ ಎಂದು ಕೇಳಿದ. ಚೀಫ್ ಅಜ್ಜನದು ಎಂದೆ. ಅವನಿಗೆ ಅದು ಸಾಲಲಿಲ್ಲ. ಗೈಗರ್ ಕೌಂಟರ್ ಕಪಾಟಿನಲ್ಲೇ ಇತ್ತು. ತೆಗೆದು ಹತ್ತಿರ ಹಿಡಿದೆ.

ಚಟಪಟ ಶುರುವಾಯಿತು. ಅವನು ಬಗ್ಗಿ ಕಲ್ಲಿನ ಹತ್ತಿರಕ್ಕೆ ಮುಖ ತಂದ. ನಾನು ಅವನ ಭುಜ ಹಿಡಿದು ಹಿಂದಕ್ಕೆಳೆದು, ಮುಚ್ಚಳ ಹಾಕಿದೆ.

"ಇನ್ನೊಂದು ಸಲ, ಅಪ್ಪಾ" ಎಂದ.